ಫ್ಲೋ-ತ್ರೂನಲ್ಲಿ ಹರಿದುಹೋದ ಅರ್ಧ ಬ್ಯಾಚ್

ಮೇಕೆ ಹಾಲಿನಲ್ಲಿರುವ ಆಂಟಿಥ್ರಾಂಬಿನ್ ಎಂಬ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನನ್ನು ನಾವು ಹೆಪಾರಿನ್ ಕಾಲಂನಲ್ಲಿ ಬೇರ್ಪಡಿಸುತ್ತೇವೆ: ಅದು ಕಾಲಂನೊಳಗಿನ ಹೆಪಾರಿನ್‌ಗೆ ಅಂಟುತ್ತದೆ, ಅಂಟದ್ದು ಫ್ಲೋ-ತ್ರೂ ಆಗಿ ಹರಿದುಹೋಗುತ್ತದೆ, ಕೊನೆಗೆ ಉಪ್ಪಿನ ಬಫರ್ ಅಂಟಿದ್ದನ್ನು ಬಿಡಿಸಿ ತರುತ್ತದೆ. ಈ ಬಿಡಿಸುವಿಕೆಯೇ ಎಲ್ಯೂಷನ್. ಹೆಪಾರಿನ್ ಕಾಲಂನ ಎಲ್ಯೂಷನ್ ಪೀಕ್ ಎಂದಿನ ಅರ್ಧ ಎತ್ತರಕ್ಕೇ ನಿಂತು ಇಳಿಯತೊಡಗಿದರೆ ಮೊದಲು ಫ್ಲೋ-ತ್ರೂ ಟ್ಯಾಂಕಿನ ಡ್ರೈನ್ ವಾಲ್ವ್ ಮುಚ್ಚಬೇಕು. ಅದನ್ನೇನೋ ಮಾಡಿದೆವು. ಆಮೇಲೆ ನಾನು ಕೈಗೊಂಡ ನಿರ್ಧಾರದಿಂದ ಆ ಬ್ಯಾಚ್ ಕೈತಪ್ಪಿತು.

ಕುಲಾಂತರಿ ಮೇಕೆಯ ಹಾಲಿನಿಂದ ಮಾನವ ಆಂಟಿಥ್ರಾಂಬಿನ್ ತೆಗೆಯುವ ದಾರಿ ಹೊಸದಲ್ಲ. ಇಂಥ ಹಾಲಿನಿಂದ ಬಂದ ಮೊದಲ ಔಷಧಕ್ಕೆ ಯುರೋಪಿನಲ್ಲಿ 2006ರಲ್ಲಿ, ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಹಾಲಿಗೆ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ) ಬೆರೆಸಿದರೆ ಕ್ಯಾಲ್ಸಿಯಂ ಕಳಚಿ ಹಾಲಿನ ಪ್ರೋಟೀನಿನ ಉಂಡೆಗಳಾದ ಕೇಸಿನ್ ಮಿಸೆಲ್‌ಗಳು ಬಿಚ್ಚಿಕೊಳ್ಳುತ್ತವೆ, ಬಿಳಿ ಹಾಲು ತಿಳಿಯಾಗುತ್ತದೆ. ಫಿಲ್ಟರ್ ದಾಟಿದ ದ್ರವ ನೇರವಾಗಿ ಹೆಪಾರಿನ್ ಕಾಲಂಗೆ. ಲೋಡ್ ಆಗುವಾಗ, ಹೊರಬರುವ ಪ್ರೋಟೀನನ್ನು ತೋರಿಸುವ ಯುವಿ ಗೆರೆ ಹಾಲಿನ ಇತರ ಪ್ರೋಟೀನುಗಳಿಂದಲೇ ಮೇಲೆ ಹೋಗಿ ನಿಂತುಬಿಡುತ್ತದೆ. ನಮಗೆ ಬೇಕಾದದ್ದು ಅಂಟದೆ ಸೋರಿಹೋಗುತ್ತಿದ್ದರೂ ಆಗ ಕಾಣುವುದಿಲ್ಲ, ಉಪ್ಪಿನ ಬಫರ್ ಬಿಟ್ಟ ಮೇಲೆಯೇ ಗೊತ್ತಾಗುವುದು.

ಅಂದು ಎಲೈಸಾ (ಪ್ರತಿಕಾಯದಿಂದ ಪ್ರೋಟೀನಿನ ಪ್ರಮಾಣ ಅಳೆಯುವ ಪರೀಕ್ಷೆ) ಪ್ರಕಾರ ಉಳಿದ ಅರ್ಧ ಫ್ಲೋ-ತ್ರೂನಲ್ಲಿತ್ತು. ನಾನ್-ರಿಡ್ಯೂಸಿಂಗ್ ಜೆಲ್‌ನಲ್ಲಿ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ, ಅವುಗಳೊಳಗಿನ ಡೈಸಲ್ಫೈಡ್ ಎಂಬ ಗಂಧಕದ ಕೊಂಡಿಗಳನ್ನು ಹಾಗೇ ಬಿಡುವ ಜೆಲ್) ಇಡೀ ಆಂಟಿಥ್ರಾಂಬಿನ್ ಇರಬೇಕಾದ 58 ಕಿಲೋಡಾಲ್ಟನ್ ಹತ್ತಿರ ಒಂದೇ ಬ್ಯಾಂಡ್. ಪ್ರೋಟೀನ್ ಸರಿಯಿದೆ, ಕಾಲಂ ತುಂಬಿದ ರೆಸಿನ್ನೇ ಸೋತಿದೆ ಎಂದು ತೀರ್ಮಾನಿಸಿ ಹೊಸ ಕಾಲಂ ಜೋಡಿಸಿದೆ. ಫ್ಲೋ-ತ್ರೂ ಮತ್ತೆ ಏರಿಸಿದೆವು. ಇಡೀ ಪಾಳಿ ಕಾದದ್ದಕ್ಕೆ ಸಿಕ್ಕಿದ್ದು ಚಪ್ಪಟೆ ಗೆರೆ.

ಮೊದಲು ಮಾಡಿಸಬೇಕಿದ್ದ ಪರೀಕ್ಷೆಯನ್ನು ಕೊನೆಗೆ ಮಾಡಿಸಿದೆ: ಹೆಪಾರಿನ್ ಸೇರಿಸಿ, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಕಿಣ್ವವನ್ನು ತಡೆಯುವ ಶಕ್ತಿ ಎಷ್ಟಿದೆ ಎಂಬುದು. ಫ್ಲೋ-ತ್ರೂನಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಗಂಧಕದ ಕೊಂಡಿಗಳನ್ನು ಬಿಡಿಸುವ ರಿಡ್ಯೂಸಿಂಗ್ ಜೆಲ್ ಓಡಿಸಿದಾಗ ಬ್ಯಾಂಡ್ ತುಸು ಕೆಳಗೆ ಜಾರಿತ್ತು.

ಪ್ರೋಟೀನ್ ಒಂದು ಕಡೆ ಕತ್ತರಿಸಿಹೋಗಿತ್ತು. ಆಂಟಿಥ್ರಾಂಬಿನ್‌ನಲ್ಲಿರುವುದು 432 ಅಮೈನೋ ಆಮ್ಲ. ಥ್ರಾಂಬಿನ್‌ಗೆ ಬಲೆಯಾಗುವ ರಿಯಾಕ್ಟಿವ್ ಲೂಪ್ ಇರುವುದು 393ನೆಯ ಆಮ್ಲದ ಆಸುಪಾಸಿನಲ್ಲಿ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣದ ಕಿಣ್ವವಾದ ಎಲಾಸ್ಟೇಸ್ ಆ ಲೂಪನ್ನೇ ಕಡಿಯುತ್ತದೆ. ಕಡಿದ ಮೇಲೂ ಬಾಲದ ತುಂಡು 247 ಮತ್ತು 430ರ ನಡುವಿನ ಡೈಸಲ್ಫೈಡ್ ಬಂಧದಿಂದ ನೇತಾಡುತ್ತಲೇ ಇರುತ್ತದೆ. ಆದ್ದರಿಂದ ನಾನ್-ರಿಡ್ಯೂಸಿಂಗ್ ಜೆಲ್‌ನಲ್ಲಿ ಅದು ಇಡಿಯಾಗಿ ಕಾಣುತ್ತದೆ, ನಮ್ಮ ಎಲೈಸಾದ ಪ್ರತಿಕಾಯವೂ ಎಣಿಸಿಬಿಡುತ್ತದೆ. ಹೆಪಾರಿನ್ ಮಾತ್ರ ಮೋಸಹೋಗುವುದಿಲ್ಲ: ಕಡಿದ ಅಣುವಿಗೆ ಅಂಟುವ ಬಲ ಕುಗ್ಗಿರುತ್ತದೆ. ಕಾಲಂ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಎಲಾಸ್ಟೇಸ್ ಬಂದದ್ದು ಬತ್ತುವ ಹಂತದಲ್ಲಿದ್ದ ಮೇಕೆಗಳ ಹಾಲಿನಿಂದ. ಅವುಗಳ ಸೊಮ್ಯಾಟಿಕ್ ಸೆಲ್ ಕೌಂಟ್ (ಹಾಲಿನಲ್ಲಿರುವ ಮೇಕೆಯ ಕೋಶಗಳ ಎಣಿಕೆ) ಏರಿತ್ತು. ಕೆಚ್ಚಲು ಬಾವು ಇಲ್ಲ ಎಂದು ಪಶುವೈದ್ಯರು ಹೇಳಿದ್ದು ನಿಜವೇ ಆಗಿತ್ತು. ಮೇಕೆ ಹಾಲಿನಲ್ಲಿ ಕರಾವಿನ ಕೊನೆಯಲ್ಲಿ ಸೋಂಕಿಲ್ಲದೆಯೂ ಕೌಂಟ್ ಮಿಲಿಲೀಟರಿಗೆ 10 ಲಕ್ಷ ದಾಟಬಹುದು. ಆದರೆ ಆ ಕೋಶಗಳಲ್ಲಿ ದೊಡ್ಡ ಪಾಲು ನ್ಯೂಟ್ರೊಫಿಲ್‌ಗಳೇ. ಪ್ರಾಣಿ ಆರೋಗ್ಯವಾಗಿದೆಯೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಹಾಲು ಪ್ರೋಟೀನಿಗೆ ಸುರಕ್ಷಿತವೇ ಎಂಬ ಪ್ರಶ್ನೆಗೂ ಹಚ್ಚಿದೆ. ಅದೇ ನನ್ನ ತಪ್ಪು. ಮೇಲಾಗಿ ಕೆನೆ ತೆಗೆಯುವ ಮೊದಲೇ ಹಾಲನ್ನು ಫ್ರೀಜ್ ಮಾಡಲಾಗಿತ್ತು. ಕರಗಿಸುವಷ್ಟರಲ್ಲಿ ಕೋಶಗಳು ಒಡೆದು ಒಳಗಿನದೆಲ್ಲ ಹೊರಗೆ.

ಇಲ್ಲಿ ಇಡಿಟಿಎ ಕಾಪಾಡುವುದಿಲ್ಲ. ಎಲಾಸ್ಟೇಸ್ ಸೆರಿನ್ ಪ್ರೋಟಿಯೇಸ್ ಎಂಬ ಬಗೆಯ ಪ್ರೋಟೀನ್ ಕಡಿಯುವ ಕಿಣ್ವ, ಅದಕ್ಕೆ ಲೋಹದ ಹಂಗಿಲ್ಲ. ಅದನ್ನು ತಡೆಯಬಲ್ಲ ಪಿಎಂಎಸ್‌ಎಫ್‌ನಂಥ ವಿಷವನ್ನು ರಕ್ತಕ್ಕೆ ಕೊಡುವ ಔಷಧದ ಹಾದಿಯಲ್ಲಿ ಹಾಕುವಂತಿಲ್ಲ. ಇನ್ನೂ ಕೆಟ್ಟದ್ದೆಂದರೆ ಎಲಾಸ್ಟೇಸ್‌ನ ಈ ಕಡಿತಕ್ಕೆ ಹೆಪಾರಿನ್ನೇ ವೇಗ ಕೊಡುತ್ತದೆ. ಕೊಳಕು ಹಾಲನ್ನು ಕಾಲಂ ಮೇಲೆ ನಿಧಾನವಾಗಿ ಹರಿಸಿದಷ್ಟೂ ನಷ್ಟ.

ಈಗ ಕರೆದ ಹಾಲನ್ನು ತಣಿಸಿ, ಅದೇ ದಿನ ಸೆಂಟ್ರಿಫ್ಯೂಜ್‌ನಲ್ಲಿ ಕೆನೆ ತೆಗೆಯುತ್ತೇವೆ. ಕೋಶಗಳೂ ತಳಕ್ಕೆ ಇಳಿಯುತ್ತವೆ, ಫ್ರೀಜರ್ ಆಮೇಲೆ. ಕೌಂಟ್ ಮಾಡುವಾಗ ಡಿಎನ್ಎಗೆ ಬಣ್ಣ ಹಿಡಿಸುವ ವಿಧಾನವೇ ಬೇಕು, ಇಲ್ಲದಿದ್ದರೆ ಮೇಕೆ ಹಾಲಿನಲ್ಲಿ ಸಹಜವಾಗಿ ಉದುರುವ ಸೈಟೊಪ್ಲಾಸಂ ಚೂರುಗಳನ್ನೂ ಯಂತ್ರ ಕೋಶವೆಂದು ಎಣಿಸುತ್ತದೆ. ಪ್ರತಿ ಪ್ರಾಣಿಯ ಹಾಲಿನ ಆಕ್ಟಿವಿಟಿಯನ್ನು, ಅಂದರೆ ಥ್ರಾಂಬಿನ್ ತಡೆಯುವ ಶಕ್ತಿಯನ್ನು, ಎಲೈಸಾ ಅಂಕಿಯಿಂದ ಭಾಗಿಸಿ ನೋಡುತ್ತೇವೆ. ಅನುಪಾತ ಇಳಿಯಿತೆಂದರೆ ಎಷ್ಟೇ ಲೀಟರ್ ಇದ್ದರೂ ಅದು ಪೂಲ್‌ಗೆ ಸೇರುವುದಿಲ್ಲ.

ಈ ಪರೀಕ್ಷೆಯನ್ನು ಹಾಲು ಸ್ವೀಕರಿಸುವ ನಮೂನೆಯಲ್ಲೇ ಸೇರಿಸಿ ಎಂದು ಮೇಲಿನವರಿಗೆ ಎರಡು ಸಲ ಬರೆದುಕೊಟ್ಟಿದ್ದೇನೆ. ಅರ್ಧ ದಿನ ತಡವಾಗುತ್ತದೆ ಎಂಬುದು ಅವರ ಆಕ್ಷೇಪ. ತಿಂಗಳ ವರದಿಯಲ್ಲಿ ಇಂದಿಗೂ ಮೊದಲ ಸಾಲು ಒಟ್ಟು ಲೀಟರ್, ಆಕ್ಟಿವಿಟಿಗೆ ಕಾಲಂ ಕೂಡ ಇಲ್ಲ.