ವಿಭಾಗದ ಸರ್ವರ್‌ನಲ್ಲಿ ಕಾಲ್‌ಡಿಬಿ: ಸೂಚಿ ಕಡತವನ್ನು ಕಾಯುವ ಕೆಲಸ

ಬೆಂಗಳೂರಿನ ಒಂದು ಸಂಶೋಧನಾ ವಿಭಾಗದಲ್ಲಿ ಗಣಕ ವ್ಯವಸ್ಥೆಯ ಉಸ್ತುವಾರಿ ನನ್ನದು. ಕ್ಷ-ಕಿರಣ ಖಗೋಳ ವಿಜ್ಞಾನದಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಬೇಕಾದ ತಂತ್ರಾಂಶಗಳನ್ನೂ, ಅವು ಆಧರಿಸುವ ಕ್ಯಾಲಿಬ್ರೇಷನ್ ಕಡತಗಳ, ಅಂದರೆ ಉಪಕರಣದ ಅಳತೆಯನ್ನು ತಿದ್ದಲು ಬೇಕಾದ ಕಡತಗಳ, ಸಂಗ್ರಹವಾದ ಕಾಲ್‌ಡಿಬಿಯನ್ನೂ ಒಂದೇ ಕಡೆ ಹೊಂದಿಸಿ ಎಲ್ಲರಿಗೂ ಸಿಗುವಂತೆ ಇಡುವುದು ಅದರ ಒಂದು ಭಾಗ. ಈ ಕೆಲಸವನ್ನು ವಹಿಸಿಕೊಡುವಾಗ ಎಲ್ಲರೂ ಹೇಳುವುದು 'ಡೌನ್‌ಲೋಡ್ ಮಾಡಿ ಬಿಚ್ಚಿಟ್ಟರೆ ಆಯಿತು' ಎಂದೇ. ಡೌನ್‌ಲೋಡ್ ಸುಲಭವೆಂಬುದು ನಿಜ. ಆದರೆ ಯಾವ ದಿನಾಂಕದ ಸೂಚಿಯನ್ನು, ಅಂದರೆ ಯಾವ ಕಡತ ಯಾವ ದತ್ತಾಂಶಕ್ಕೆ ಎಂದು ಹೇಳುವ ಪಟ್ಟಿಯನ್ನು, ಯಾರು, ಯಾವ ಸಂಶೋಧನೆಗೆ ಬಳಸುತ್ತಿದ್ದಾರೆ ಎಂಬುದನ್ನು ಹಿಡಿದಿಟ್ಟುಕೊಳ್ಳದಿದ್ದರೆ ಆ ಕಡತಗಳಿಂದ ಬಂದ ಫಲಿತಾಂಶವನ್ನು ಎರಡು ವರ್ಷಗಳ ನಂತರ ಮತ್ತೊಮ್ಮೆ ಪಡೆಯಲು ಆಗುವುದಿಲ್ಲ ಎಂಬುದು ನನ್ನ ಅನುಭವ.

ಕ್ಯಾಲಿಬ್ರೇಷನ್ ಏಕೆ ಬದಲಾಗುತ್ತಲೇ ಇರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಉಪಗ್ರಹವು ಕಳುಹಿಸುವುದು ಒಂದೊಂದು ಫೋಟಾನ್ ಯಾವ ಕ್ಷಣದಲ್ಲಿ ಬಂತು, ಡಿಟೆಕ್ಟರ್‌ನ ಯಾವ ಭಾಗಕ್ಕೆ ತಾಗಿತು, ಎಷ್ಟು ದೊಡ್ಡ ಸಂಕೇತವನ್ನು ಹುಟ್ಟಿಸಿತು ಎಂಬ ಪಟ್ಟಿಯನ್ನು. ಅದರಿಂದ ಶಕ್ತಿ, ರೋಹಿತ (ಶಕ್ತಿಗೆ ತಕ್ಕಂತೆ ಬೆಳಕಿನ ಹಂಚಿಕೆ), ಫ್ಲಕ್ಸ್ (ನಮಗೆ ತಲುಪುವ ಹೊಳಪಿನ ಪ್ರಮಾಣ) ಇವುಗಳಿಗೆ ಬರಬೇಕಾದರೆ ಉಪಕರಣದ ಆಗಿನ ಸ್ಥಿತಿ ಗೊತ್ತಿರಬೇಕು, ಮತ್ತು ಆ ಸ್ಥಿತಿ ಕಕ್ಷೆಯಲ್ಲಿ ಒಂದೇ ಸಮನೆ ಉಳಿಯುವುದಿಲ್ಲ. 1999ರ ಜುಲೈನಲ್ಲಿ ಹಾರಿದ ಚಂದ್ರ ಎಂಬ ಹೆಸರಿನ ಕ್ಷ-ಕಿರಣ ವೀಕ್ಷಣಾಲಯದ ಎಸಿಐಎಸ್ ಕ್ಯಾಮೆರಾದ ಫಿಲ್ಟರಿನ ಮೇಲೆ ಕಲ್ಮಶದ ಪದರವೊಂದು ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತಾ ಬಂದು, ಕಡಿಮೆ ಶಕ್ತಿಯ ಕ್ಷ-ಕಿರಣಗಳನ್ನು ಹೆಚ್ಚು ಹೆಚ್ಚಾಗಿ ತಡೆಯುತ್ತಿದೆ. 2004ರ ನವೆಂಬರ್‌ನಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹದ ಕ್ಷ-ಕಿರಣ ದೂರದರ್ಶಕವಾದ ಎಕ್ಸ್‌ಆರ್‌ಟಿಯಲ್ಲಿ ಶೀತಕ ವ್ಯವಸ್ಥೆ ಉಡಾವಣೆಯಾದ ಸ್ವಲ್ಪ ಕಾಲದಲ್ಲೇ ಕೈಕೊಟ್ಟಿದ್ದರಿಂದ ಅದರ ಸಿಸಿಡಿ ಡಿಟೆಕ್ಟರ್ ಯೋಜಿಸಿದ್ದಕ್ಕಿಂತ ಬೆಚ್ಚಗೆ ಕೆಲಸ ಮಾಡುತ್ತಿದೆ. ಆ ತೊಂದರೆಯನ್ನು ತಗ್ಗಿಸಲು 2007ರ ಆಗಸ್ಟ್ 30ರಂದು ಸಿಸಿಡಿಯ ತಳಪದರಕ್ಕೆ ಕೊಡುವ ಸಬ್‌ಸ್ಟ್ರೇಟ್ ವೋಲ್ಟೇಜನ್ನು 0ಯಿಂದ 6 ವೋಲ್ಟ್‌ಗೆ ಏರಿಸಲಾಯಿತು. ನಮ್ಮದೇ ಆಸ್ಟ್ರೋಸ್ಯಾಟ್ ಉಪಗ್ರಹದ ಲ್ಯಾಕ್ಸ್‌ಪಿಸಿ ಉಪಕರಣದ ಮೂರು ಕ್ಸೆನಾನ್ ಅನಿಲ ಡಿಟೆಕ್ಟರ್‌ಗಳಲ್ಲಿ ಒಂದು ಸೋರತೊಡಗಿ, ಒಳಗಿನ ಅನಿಲದ ಸಾಂದ್ರತೆ ಇಳಿಯುತ್ತಾ ಹೋಗಿ, ಕೊನೆಗೆ 2018ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಇಂಥ ಒಂದೊಂದು ಘಟನೆಯ ಹಿಂದೆಯೂ ಹೊಸ ಕ್ಯಾಲಿಬ್ರೇಷನ್ ಕಡತಗಳಿರುತ್ತವೆ, ಮತ್ತು ಅವು ಯಾವ ದಿನದಿಂದ ಯಾವ ದತ್ತಾಂಶಕ್ಕೆ ಅನ್ವಯಿಸುತ್ತವೆ ಎಂದು ಎಲ್ಲಾದರೂ ಬರೆದಿರಲೇಬೇಕು.

ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿರುವ ಹೀಸಾರ್ಕ್ ಎಂಬ ದತ್ತಾಂಶ ಭಂಡಾರವು ನಿರ್ವಹಿಸುವ ಕಾಲ್‌ಡಿಬಿಯಲ್ಲಿ ಹಾಗೆ ಬರೆದಿರುವ ಜಾಗವೇ ಸೂಚಿ ಕಡತ. ಕಾಲ್‌ಡಿಬಿಯ ಒಳಗೆ ಪ್ರತಿ ಉಪಗ್ರಹಕ್ಕೆ ಒಂದು ಡೈರೆಕ್ಟರಿ, ಅದರೊಳಗೆ ಪ್ರತಿ ಉಪಕರಣಕ್ಕೆ ಒಂದು, ಅದರೊಳಗೆ ಮೂಲ ಕ್ಯಾಲಿಬ್ರೇಷನ್ ಕಡತಗಳಿಗೆ ಬಿಸಿಎಫ್ ಎಂದೂ, ಅವುಗಳಿಂದ ಸಿದ್ಧಪಡಿಸಿದವುಗಳಿಗೆ ಸಿಪಿಎಫ್ ಎಂದೂ ಬೇರೆ ಬೇರೆ ಜಾಗಗಳಿರುತ್ತವೆ. ಸೂಚಿಯು ಖಗೋಳ ವಿಜ್ಞಾನದಲ್ಲಿ ರೂಢಿಯಲ್ಲಿರುವ ಫಿಟ್ಸ್ ಎಂಬ ಕಡತ ರೂಪದ ಒಂದು ಕೋಷ್ಟಕ. ಅದರ ಪ್ರತಿ ಸಾಲಿನಲ್ಲಿ ಕಡತದ ಹೆಸರು, ಅದರಲ್ಲಿರುವ ಮಾಹಿತಿಯ ಬಗೆ, ಯಾವ ದಿನಾಂಕ ಮತ್ತು ವೇಳೆಯಿಂದ ಅದು ಅನ್ವಯ, ಯಾವ ಫಿಲ್ಟರ್ ಅಥವಾ ವಿಧಾನಕ್ಕೆ, ಹಾಗೂ ಅದರ ಗುಣಮಟ್ಟದ ಅಂಕಿ ಇರುತ್ತವೆ. ಗುಣಮಟ್ಟ 0 ಎಂದಿದ್ದರೆ ಬಳಸಬಹುದು, 5 ಎಂದಿದ್ದರೆ ಬಳಸಬಾರದು. ಹೀಸಾರ್ಕ್‌ನ ತಂತ್ರಾಂಶವಾದ ಹೀಸಾಫ್ಟ್‌ನ ಒಂದು ಆಜ್ಞೆಯು 'ಈ ದಿನದ ಈ ದತ್ತಾಂಶಕ್ಕೆ ಯಾವ ಗೇನ್ ಕಡತ (ಸಂಕೇತದ ಗಾತ್ರವನ್ನು ಶಕ್ತಿಗೆ ಹೊಂದಿಸುವುದು)' ಎಂದು ಕೇಳಿದಾಗ ಡಿಸ್ಕ್‌ನಲ್ಲಿ ಏನಿದೆ ಎಂದು ಯಾರೂ ಹುಡುಕುವುದಿಲ್ಲ. ಸೂಚಿಯು ಹೇಳಿದ್ದೇ ಉತ್ತರ. ಕಡತವು ಡಿಸ್ಕ್‌ನಲ್ಲಿದ್ದು ಸೂಚಿಯಲ್ಲಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

ಸ್ಥಳೀಯ ಪ್ರತಿಯೇ ಬೇಕೇ ಎಂಬ ಪ್ರಶ್ನೆ ಸಹಜ. ಕಡತಗಳು ಎಲ್ಲಿವೆ ಎಂದು ತಂತ್ರಾಂಶಕ್ಕೆ ತಿಳಿಸುವ ಕಾಲ್‌ಡಿಬಿ ಎಂಬ ಪರಿಸರ ಚರಕ್ಕೆ (ಎನ್ವಿರಾನ್‌ಮೆಂಟ್ ವೇರಿಯಬಲ್) ಹೀಸಾರ್ಕ್‌ನ ಜಾಲ ವಿಳಾಸವನ್ನೇ ಕೊಟ್ಟರೆ ಹೀಸಾಫ್ಟ್‌ನ ಆಜ್ಞೆಗಳು ಬೇಕಾದ ಕಡತವನ್ನು ಅಲ್ಲಿಂದಲೇ ಓದಿಕೊಳ್ಳುತ್ತವೆ. ಮನೆಯಲ್ಲಿ ಒಂದು ಲ್ಯಾಪ್‌ಟಾಪ್‌ನಲ್ಲಿ ಎರಡು ಮೂರು ವೀಕ್ಷಣೆಗಳನ್ನು ನೋಡುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಆದರೆ ತರಬೇತಿ ಕಾರ್ಯಾಗಾರದ ದಿನ ಒಂದು ಕೊಠಡಿಯ ಎಲ್ಲರೂ ಒಟ್ಟಿಗೆ ಪೈಪ್‌ಲೈನ್ (ದತ್ತಾಂಶವನ್ನು ಹಂತಹಂತವಾಗಿ ಸಂಸ್ಕರಿಸುವ ಆಜ್ಞೆಗಳ ಸರಣಿ) ಓಡಿಸಿದಾಗ ಅದೇ ಕಡತಗಳು ಅದೇ ಸಂಪರ್ಕದ ಮೇಲೆ ಮತ್ತೆ ಮತ್ತೆ ಇಳಿಯುತ್ತವೆ. ನೂರಾರು ವೀಕ್ಷಣೆಗಳನ್ನು ರಾತ್ರಿ ಸಾಲಾಗಿ ಓಡಿಸುವಾಗ ಮಧ್ಯೆ ಜಾಲ ಒಮ್ಮೆ ತಪ್ಪಿದರೂ ಬೆಳಿಗ್ಗೆ ಅರ್ಧ ಪಟ್ಟಿ ಬಾಕಿ ಉಳಿದಿರುತ್ತದೆ. ಇದೆಲ್ಲಕ್ಕಿಂತ ದೊಡ್ಡ ಕಾರಣವೆಂದರೆ ದೂರದ ಪ್ರತಿಯು ಯಾವಾಗಲೂ ಇವತ್ತಿನ ಸೂಚಿಯನ್ನು ಕೊಡುತ್ತದೆ, ನೀವು ಕೆಲಸ ಆರಂಭಿಸಿದ ದಿನದ ಸೂಚಿಯನ್ನಲ್ಲ.

ಇದರ ತೂಕ ಸ್ಪಷ್ಟವಾಗಿ ಕಂಡಿದ್ದು ನೂಸ್ಟಾರ್ ಎಂಬ ಕ್ಷ-ಕಿರಣ ಉಪಗ್ರಹದ ದತ್ತಾಂಶದಲ್ಲಿ. ಇಬ್ಬರು ವಿದ್ಯಾರ್ಥಿಗಳು ಒಂದೇ ವೀಕ್ಷಣೆಯನ್ನು, ಒಂದೇ ಮಾದರಿಯನ್ನು ಬಳಸಿ ವಿಶ್ಲೇಷಿಸಿದರೂ ಫ್ಲಕ್ಸ್ ಹೊಂದಲಿಲ್ಲ. ವ್ಯತ್ಯಾಸವು ಇಬ್ಬರೂ ಬರೆದಿದ್ದ ದೋಷಮಿತಿಯನ್ನು ಮೀರಿತ್ತು. ಚಿತ್ರದಲ್ಲಿ ಹಿನ್ನೆಲೆಗೆ ಆಯ್ದ ವೃತ್ತ, ಮೂಲಕ್ಕೆ (ಅಂದರೆ ವೀಕ್ಷಿಸಿದ ಆಕಾಶಕಾಯಕ್ಕೆ) ಆಯ್ದ ವೃತ್ತ, ತಂತ್ರಾಂಶದ ಆವೃತ್ತಿ ಎಲ್ಲವನ್ನೂ ಹೋಲಿಸಿ ನೋಡಿದ ಮೇಲೆ ಉಳಿದಿದ್ದು ಕಾಲ್‌ಡಿಬಿ ಒಂದೇ. ಒಬ್ಬರು ದೂರದ ಪ್ರತಿಯನ್ನು ಬಳಸಿದ್ದರು, ಮತ್ತೊಬ್ಬರು ಹಳೆಯ ಪ್ರಯೋಗಾಲಯದಿಂದ ಡಿಸ್ಕ್‌ನಲ್ಲಿ ತಂದ ಪ್ರತಿಯನ್ನು. ನೂಸ್ಟಾರ್ ತಂಡವು ಕ್ರ್ಯಾಬ್ ನೀಹಾರಿಕೆಯನ್ನು ದೃಗ್ವ್ಯವಸ್ಥೆಯ ಮೂಲಕ ಮಾತ್ರವಲ್ಲದೆ, ಅದರೊಳಗೆ ಹಾಯದೆ ಪಕ್ಕದಿಂದ ನೇರವಾಗಿ ಡಿಟೆಕ್ಟರ್‌ಗೆ ಬೀಳುವ ಬೆಳಕಿನಲ್ಲೂ ಅಳೆದು, 2021ರ ಅಕ್ಟೋಬರ್ 20ರ ದಿನಾಂಕದ ಕಾಲ್‌ಡಿಬಿಯಲ್ಲಿ ಡಿಟೆಕ್ಟರ್‌ನ ಪ್ರತಿಕ್ರಿಯೆ ಮತ್ತು ಪರಿಣಾಮಕಾರಿ ವಿಸ್ತೀರ್ಣವನ್ನು (ಕ್ಷ-ಕಿರಣಗಳನ್ನು ಸಂಗ್ರಹಿಸುವ ಸಾಮರ್ಥ್ಯವನ್ನು) ಹೊಸದಾಗಿ ನಿಗದಿಪಡಿಸಿತು. ಆ ಬದಲಾವಣೆಯಿಂದ ಕ್ರ್ಯಾಬ್‌ನ ಫ್ಲಕ್ಸ್ ಶೇಕಡಾ 5ರಿಂದ 15ರಷ್ಟು ಏರಿತು. ದೃಷ್ಟಿ ಅಕ್ಷದಿಂದ 1 ಆರ್ಕ್‌ಮಿನಿಟ್ (ಡಿಗ್ರಿಯ 60ರಲ್ಲಿ ಒಂದು ಭಾಗ) ಒಳಗೆ ಶೇಕಡಾ ಸುಮಾರು 5, ದೂರ ಹೋದಂತೆ ಹೆಚ್ಚು. ಇಬ್ಬರ ಲೆಕ್ಕವೂ ತಮ್ಮ ತಮ್ಮ ಸೂಚಿಯ ಪ್ರಕಾರ ಸರಿಯಾಗಿಯೇ ಇತ್ತು. ಒಂದೇ ಪ್ರಬಂಧದೊಳಗೆ 2021ಕ್ಕೆ ಮೊದಲು ವಿಶ್ಲೇಷಿಸಿದ ರೋಹಿತಗಳನ್ನೂ ನಂತರದವುಗಳನ್ನೂ ಪಕ್ಕಪಕ್ಕ ಇಟ್ಟಿದ್ದರೆ, ಮೂಲವೇ ಹೊಳಪು ಹೆಚ್ಚಿಸಿಕೊಂಡಿತೆಂದು ಬರೆದುಬಿಡುವ ಸಾಧ್ಯತೆ ಇತ್ತು ಎಂಬುದು ನನಗೆ ಹೆಚ್ಚು ಕಳವಳ ತಂದ ಸಂಗತಿ.

ಅಂದಿನಿಂದ ನಮ್ಮ ಸರ್ವರ್‌ನಲ್ಲಿ ಅನುಸರಿಸುತ್ತಿರುವ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೀಸಾರ್ಕ್ ಪ್ರತಿ ಬಾರಿ ಹೊಸ ಸೂಚಿಯನ್ನು ಹೊರತರುವಾಗ ಅದರ ಹೆಸರಿನ ಕೊನೆಗೆ ದಿನಾಂಕವನ್ನು ಸೇರಿಸಿರುತ್ತದೆ; ದಿನಾಂಕವಿಲ್ಲದ ಸಾಮಾನ್ಯ ಹೆಸರು ಬರಿಯ ಕೊಂಡಿ, ಅದು ಇತ್ತೀಚಿನದನ್ನು ತೋರಿಸುತ್ತದೆ. ಯಾವ ಉಪಕರಣಕ್ಕೆ ಯಾವ ಡೈರೆಕ್ಟರಿಯ ಯಾವ ಸೂಚಿಯನ್ನು ಓದಬೇಕು ಎಂದು ಕಾನ್ಫಿಗ್ ಎಂಬ ಸರಳ ಪಠ್ಯ ಕಡತದಲ್ಲಿ ಒಂದೊಂದು ಸಾಲಾಗಿ ಬರೆದಿರುತ್ತದೆ, ಮತ್ತು ಆ ಕಾನ್ಫಿಗ್ ಎಲ್ಲಿದೆ ಎಂದು ತಿಳಿಸಲು ಪ್ರತ್ಯೇಕ ಪರಿಸರ ಚರವಿದೆ. ಈ ಎರಡನ್ನೂ ಕೂಡಿಸಿ, ಪ್ರತಿ ಸಂಶೋಧನಾ ಯೋಜನೆಗೂ ಅದರದೇ ಕಾನ್ಫಿಗ್ ಕಡತವನ್ನು ಮಾಡಿ, ಅದರಲ್ಲಿ ಸಾಮಾನ್ಯ ಹೆಸರಿನ ಬದಲು ದಿನಾಂಕವುಳ್ಳ ಸೂಚಿಯ ಹೆಸರನ್ನೇ ಬರೆಯುತ್ತೇವೆ. ಯೋಜನೆ ಮುಗಿಯುವವರೆಗೆ ಆ ಸಾಲು ಬದಲಾಗುವುದಿಲ್ಲ. ಬದಲಾಯಿಸಲೇಬೇಕಾದರೆ ಎಲ್ಲ ದತ್ತಾಂಶವನ್ನೂ ಮೊದಲಿನಿಂದ ಮತ್ತೆ ಸಂಸ್ಕರಿಸಬೇಕು ಎಂಬುದಕ್ಕೆ ಮಾರ್ಗದರ್ಶಕರು ಒಪ್ಪಿರುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅದು ಮೊದಲಿಗೆ ಹೊಳೆಯುವುದಿಲ್ಲ. ಹೀಸಾರ್ಕ್ ಕೊಡುವ ಗುಡ್‌ಫೈಲ್ಸ್ ಎಂಬ ಕಟ್ಟಿನಲ್ಲಿ ಇವತ್ತಿಗೆ ಒಳ್ಳೆಯವೆಂದು ಪರಿಗಣಿಸಿದ ಕಡತಗಳು ಮಾತ್ರ ಇರುತ್ತವೆ. ಹಳೆಯ ಡೈರೆಕ್ಟರಿಯನ್ನು ಅಳಿಸಿ ಹೊಸ ಕಟ್ಟನ್ನು ಅಲ್ಲಿ ಬಿಚ್ಚಿದರೆ ಜಾಗ ಉಳಿಯುತ್ತದೆ, ಆದರೆ ಹಳೆಯ ಸೂಚಿಯು ಹೆಸರಿಸುವ ಕಡತಗಳಲ್ಲಿ ಕೆಲವು ಇಲ್ಲವಾಗುತ್ತವೆ. ಆದ್ದರಿಂದ ಹೊಸದನ್ನು ಹಳೆಯದರ ಮೇಲೆ ಬಿಚ್ಚಬೇಕು, ಹಳೆಯದನ್ನು ಅಳಿಸಬಾರದು. ಡಿಸ್ಕ್‌ನ ಲೆಕ್ಕ ನೋಡುವ ಅಧಿಕಾರಿಗಳು ಇದನ್ನು ವ್ಯರ್ಥವೆಂದು ಭಾವಿಸುವುದುಂಟು; ಅವರಿಗೆ ಒಂದು ಪ್ರಕಟಿತ ಲೇಖನದ ಹೆಸರನ್ನೂ ಅದು ಬಳಸಿದ ಸೂಚಿಯ ದಿನಾಂಕವನ್ನೂ ತೋರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಹೀಗೆ ಸೂಚಿಯನ್ನು ಒಂದು ದಿನಾಂಕಕ್ಕೆ ನಿಲ್ಲಿಸುವುದನ್ನು ಎಲ್ಲರೂ ಇಷ್ಟಪಡುವುದಿಲ್ಲ, ಅದಕ್ಕೆ ನ್ಯಾಯವಾದ ಕಾರಣವೂ ಇದೆ. ಪಲ್ಸಾರ್‌ಗಳ (ನಿಯತವಾಗಿ ಮಿಡಿಯುವ ನಕ್ಷತ್ರಗಳ) ಕಾಲಮಾಪನ ಮಾಡುವವರಿಗೆ ನೂಸ್ಟಾರ್‌ನ ಗಡಿಯಾರ ತಿದ್ದುಪಡಿಯ ಕಡತ ಹೊಸದಾಗಿಯೇ ಬೇಕು. ಹಳೆಯ ಕಡತವು ಅದು ಸಿದ್ಧವಾದ ನಂತರದ ವೀಕ್ಷಣೆಗಳನ್ನು ಒಳಗೊಂಡಿರುವುದಿಲ್ಲ, ಮತ್ತು ಆ ತಿದ್ದುಪಡಿಯಿಲ್ಲದೆ ಸುಮಾರು 65 ಮೈಕ್ರೋಸೆಕೆಂಡ್ ಮಟ್ಟದ ನಿಖರತೆ ಸಿಗುವುದಿಲ್ಲ. ಅವರಿಗಾಗಿ ಇಡೀ ಸೂಚಿಯನ್ನು ಸಡಿಲಿಸುವ ಅಗತ್ಯವಿಲ್ಲ. ಸೌರಮಂಡಲದ ದ್ರವ್ಯಕೇಂದ್ರಕ್ಕೆ ವೇಳೆಯನ್ನು ತಿದ್ದುವ ಬ್ಯಾರಿಕಾರ್ ಆಜ್ಞೆಗೆ ಗಡಿಯಾರ ಕಡತವನ್ನು ನೇರವಾಗಿ ಹೆಸರಿಸಬಹುದು. ರೋಹಿತದ ಕಡತಗಳು ನಿಂತ ಸೂಚಿಯಿಂದಲೇ ಬರಲಿ.

ಸ್ಥಾಪನೆಯ ಉಳಿದ ಅಡಚಣೆಗಳು ಸಣ್ಣವು. ಸ್ವಿಫ್ಟ್‌ಗೆ ಎಕ್ಸ್‌ಆರ್‌ಟಿ ಕಟ್ಟನ್ನು ಮಾತ್ರ ಇಳಿಸಿಕೊಂಡು, ಜೋಡಣೆ ಮತ್ತು ಗಡಿಯಾರದ ಕಡತಗಳಿರುವ ಮಿಸ್ ಎಂಬ ಡೈರೆಕ್ಟರಿಯನ್ನು ಬಿಟ್ಟುಬಿಡುವುದು ಸಾಮಾನ್ಯ. ಹೊಸ ಉಪಗ್ರಹದ ಕಟ್ಟನ್ನು ಸೇರಿಸಿದ ಮೇಲೆ ಕಾನ್ಫಿಗ್‌ನಲ್ಲಿ ಅದರ ಸಾಲಿಲ್ಲದಿದ್ದರೆ ತಂತ್ರಾಂಶವು ಕಡತಗಳೇ ಇಲ್ಲವೆಂಬಂತೆ ವರ್ತಿಸುತ್ತದೆ. ಇಡೀ ಡೈರೆಕ್ಟರಿ ಮರದ ಮಾಲೀಕತ್ವ ಬೇರೊಂದು ಖಾತೆಯ ಹೆಸರಿನಲ್ಲಿದ್ದು, ಉಳಿದ ಎಲ್ಲರಿಗೂ ಓದುವ ಅನುಮತಿ ಮಾತ್ರ ಇರಬೇಕು. ಇಲ್ಲವಾದರೆ ಯಾರೋ ಪ್ರಯೋಗಕ್ಕೆಂದು ಇಟ್ಟ ಕಡತ ಅಲ್ಲೇ ಉಳಿದುಬಿಡುತ್ತದೆ.

ಹೆಚ್ಚು ತಲೆನೋವು ತರುವುದು ಪರಿಸರ ಚರದ ಹೆಸರು. ಚಂದ್ರದ ತಂತ್ರಾಂಶವಾದ ಚಾವ್ ಕೂಡ ತನ್ನ ಕಡತಗಳಿಗಾಗಿ ಕಾಲ್‌ಡಿಬಿ ಎಂಬ ಅದೇ ಹೆಸರಿನ ಚರವನ್ನು ಬಳಸುತ್ತದೆ. ಎರಡನ್ನೂ ಒಂದೇ ಲಾಗಿನ್ ಕಡತದಲ್ಲಿ ಹಾಕಿದರೆ ಕೊನೆಗೆ ಓಡಿದ್ದು ಗೆಲ್ಲುತ್ತದೆ, ಮತ್ತೊಂದು ತಂತ್ರಾಂಶ ತನ್ನದಲ್ಲದ ಮರದಲ್ಲಿ ಹುಡುಕುತ್ತದೆ. ಎರಡನ್ನೂ ಪ್ರತ್ಯೇಕ ಮಾಡ್ಯೂಲ್‌ಗಳಾಗಿ ಮಾಡಿ, ಒಂದು ಟರ್ಮಿನಲ್‌ನಲ್ಲಿ ಒಂದನ್ನೇ ತೆರೆಯಲು ಬರುವಂತೆ ಮಾಡಿದ್ದೇವೆ. ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಈ ವಿಷಯದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ದಾರಿಯನ್ನು ಹಿಡಿದಿದೆ. ಅದರ ಸ್ಯಾಸ್ ತಂತ್ರಾಂಶದಲ್ಲಿ ಸಿಫ್‌ಬಿಲ್ಡ್ ಎಂಬ ಆಜ್ಞೆಯು ಪ್ರತಿ ವೀಕ್ಷಣೆಗೂ ಒಂದು ಚಿಕ್ಕ ಸೂಚಿಯನ್ನು ಕಟ್ಟಿ ಅದೇ ಡೈರೆಕ್ಟರಿಯಲ್ಲಿ ಇಡುತ್ತದೆ. ವಿಶ್ಲೇಷಣೆಯ ದಿನಾಂಕವನ್ನು ಹಿಂದಕ್ಕೆ ಕೊಟ್ಟರೆ ಆ ದಿನಕ್ಕೆ ಸಿಗುತ್ತಿದ್ದ ಕಡತಗಳನ್ನೇ ಆಯುತ್ತದೆ. ಹೀಸಾಫ್ಟ್‌ನಲ್ಲಿ ನಾವು ಕಾನ್ಫಿಗ್ ಕಡತಗಳಿಂದ ಕಷ್ಟಪಟ್ಟು ಪಡೆಯುವುದು ಅಲ್ಲಿ ವಿನ್ಯಾಸದಲ್ಲೇ ಇದೆ.

ವಿದ್ಯಾರ್ಥಿಗಳ ಒಂದು ಅಭ್ಯಾಸವನ್ನು ಬಿಡಿಸಲು ಸ್ವಲ್ಪ ಕಾಲ ಹಿಡಿಯಿತು. ಎಕ್ಸ್‌ಆರ್‌ಟಿಯ ಪ್ರತಿಕ್ರಿಯಾ ಕಡತವನ್ನು, ಅಂದರೆ ಆರ್‌ಎಂಎಫ್ಅನ್ನು, ಹಿರಿಯ ವಿದ್ಯಾರ್ಥಿಯ ಡೈರೆಕ್ಟರಿಯಿಂದ ನಕಲು ಮಾಡಿಕೊಳ್ಳುವುದು ನಡೆದುಬಂದ ಪದ್ಧತಿಯಾಗಿತ್ತು. ಕಡತದ ಹೆಸರಿನಲ್ಲಿರುವ ಎಸ್-0 ಅಥವಾ ಎಸ್-6 ಎಂಬ ಭಾಗ ಮೇಲೆ ಹೇಳಿದ ವೋಲ್ಟೇಜನ್ನು ಸೂಚಿಸುತ್ತದೆ. 2006ರ ಒಂದು ಗಾಮಾ-ಕಿರಣ ಸ್ಫೋಟಕ್ಕೆ ಎಸ್-6 ಕಡತವನ್ನು ಹಾಕಿದರೂ ರೋಹಿತಕ್ಕೆ ಮಾದರಿ ಕೂಡುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಪರಿಣಾಮಕಾರಿ ವಿಸ್ತೀರ್ಣದ ಕಡತವನ್ನು ಮಾಡುವ ಆಜ್ಞೆಯು ತಾನು ಯಾವ ಆರ್‌ಎಂಎಫ್ಅನ್ನು ಸೂಚಿಯಿಂದ ಆಯ್ದಿತೆಂದು ಪರದೆಯ ಮೇಲೆಯೇ ಹೇಳುತ್ತದೆ, ಅದನ್ನು ಓದಿದರೆ ಸಾಕು. ಹಾಗೆಯೇ ಸ್ವಿಫ್ಟ್ ಕಡತಗಳ ಶೀರ್ಷಿಕೆಯಲ್ಲಿ ಪ್ರತಿ ಉಪಕರಣಕ್ಕೂ ಬಳಸಿದ ಕಾಲ್‌ಡಿಬಿಯ ದಿನಾಂಕ ದಾಖಲಾಗಿರುತ್ತದೆ. ಭಂಡಾರದಿಂದ ಬಂದ ಎರಡನೇ ಹಂತದ (ಅಲ್ಲೇ ಸಂಸ್ಕರಿಸಿದ) ಕಡತದಲ್ಲಿ ಆ ದಿನಾಂಕ ಯೋಜನೆಯ ಸೂಚಿಗಿಂತ ಹಳೆಯದಾಗಿದ್ದರೆ ಪೈಪ್‌ಲೈನನ್ನು ಮೊದಲ ಹಂತದಿಂದ ಓಡಿಸಲು ಹೇಳುತ್ತೇನೆ.

ಹೊಸ ಸೂಚಿ ಬಂದಾಗ ಅದನ್ನು ಒಪ್ಪಿಕೊಳ್ಳುವ ಮೊದಲು ಮಾಡುವ ಪರೀಕ್ಷೆ ದೊಡ್ಡದೇನಲ್ಲ. ಫಿಟ್ಸ್ ಕಡತಗಳ ಚೆಕ್‌ಸಮ್ (ಕಡತ ಕೆಟ್ಟಿಲ್ಲವೆಂದು ತೋರಿಸುವ ಅಂಕಿ) ನೋಡಿ, ಕಾಲ್‌ಡಿಬಿಇನ್ಫೋ ಓಡಿಸಿ ಉಪಕರಣ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಂಡು, ಕ್ವಿಜ್‌ಸಿಫ್ ಆಜ್ಞೆಯಿಂದ ಕೆಲವು ಆಯ್ದ ದಿನಾಂಕಗಳಿಗೆ ಯಾವ ಕಡತ ಬರುತ್ತದೆ ಎಂದು ಕೇಳಿ, ಅದೇ ಪ್ರಶ್ನೆಯನ್ನು ದೂರದ ಪ್ರತಿಗೂ ಕೇಳಿ ಹೋಲಿಸುತ್ತೇನೆ. ಆ ದಿನಾಂಕಗಳಲ್ಲಿ 2007ರ ಆಗಸ್ಟ್ 30ರ ಹಿಂದುಮುಂದಿನ ದಿನಗಳು ಯಾವಾಗಲೂ ಇರುತ್ತವೆ. ನಂತರ ಪರೀಕ್ಷೆಗೆಂದೇ ಇಟ್ಟಿರುವ ವೀಕ್ಷಣೆಯೊಂದನ್ನು ಹಳೆಯ ಮತ್ತು ಹೊಸ ಸೂಚಿಗಳೆರಡರಲ್ಲೂ ಸಂಸ್ಕರಿಸಿ ಫ್ಲಕ್ಸ್ ಎಷ್ಟು ಸರಿದಿದೆ ಎಂದು ಬರೆದಿಡುತ್ತೇನೆ.

ಆಸ್ಟ್ರೋಸ್ಯಾಟ್‌ನ ಕಡತಗಳು ಬರುವ ದಾರಿ ಬೇರೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಹಾರಿದ ಆ ಉಪಗ್ರಹದ ದತ್ತಾಂಶ ಭಂಡಾರ ನಮ್ಮ ಬ್ಯಾಲಾಳುವಿನಲ್ಲಿದೆ, ಆದರೆ ಉಪಕರಣಗಳನ್ನು ನೋಡಿಕೊಳ್ಳುವ ತಂಡಗಳು ಮುಂಬೈ, ಪುಣೆ, ಬೆಂಗಳೂರುಗಳಲ್ಲಿ ಹಂಚಿಹೋಗಿವೆ. ಸಿಝಡ್‌ಟಿಐ ಉಪಕರಣದ ಕ್ಯಾಲಿಬ್ರೇಷನ್ ಕಟ್ಟನ್ನು ಅದರ ಪೈಪ್‌ಲೈನ್ ಜೊತೆಗೆ ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಲ್ಯಾಕ್ಸ್‌ಪಿಸಿಯ ಪ್ರತಿಕ್ರಿಯಾ ಕಡತಗಳು ಅದರ ತಂತ್ರಾಂಶದ ಕಟ್ಟಿನ ಒಳಗೇ ಬರುತ್ತವೆ. ಇವುಗಳನ್ನು ಹೀಸಾರ್ಕ್ ಮರದೊಳಗೆ ತುರುಕದೆ ಬೇರೆ ಡೈರೆಕ್ಟರಿಯಲ್ಲಿ, ಇಳಿಸಿಕೊಂಡ ದಿನಾಂಕದ ಹೆಸರಿನಲ್ಲಿ ಇಟ್ಟಿದ್ದೇವೆ, ಮತ್ತು ಯೋಜನೆಯ ಕಾನ್ಫಿಗ್ ಪಕ್ಕದಲ್ಲಿ ಒಂದು ಪಠ್ಯ ಕಡತದಲ್ಲಿ ಆ ಹೆಸರನ್ನೂ ಪೈಪ್‌ಲೈನ್‌ನ ಆವೃತ್ತಿಯನ್ನೂ ಬರೆದಿರುತ್ತೇವೆ. ಲೇಖನವನ್ನು ಪರಿಶೀಲಿಸಿದವರಿಂದ ಯಾವ ಕ್ಯಾಲಿಬ್ರೇಷನ್ ಎಂಬ ಪ್ರಶ್ನೆ ಬಂದಾಗ ವಿದ್ಯಾರ್ಥಿಗಳು ಈಗ ನನ್ನನ್ನು ಕೇಳುವುದಿಲ್ಲ, ಆ ಪಠ್ಯ ಕಡತವನ್ನು ತೆರೆದು ಉತ್ತರ ಬರೆಯುತ್ತಾರೆ.