ಚೌಕಿಯಲ್ಲಿ ಕೂತ ಹೊತ್ತು

ನಿನ್ನೆ ಕಿನ್ನಿಗೋಳಿ ಹತ್ತಿರ ಯಕ್ಷಗಾನ ಆಟ ಇತ್ತು. ಬೇಗ ಹೋಗಿದ್ದೆ, ಸುಮ್ನೆ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಜಾಗದಲ್ಲಿ, ಕೂತೆ.

ಬಣ್ಣದ ವೇಷದವರೊಬ್ಬರು ಮುಖಕ್ಕೆ ಚುಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ್ದು. ಸಪೂರ ಕಡ್ಡಿಯ ತುದಿಯಲ್ಲಿ ಅದ್ದಿ, ಕನ್ನಡಿ ನೋಡಿಕೊಂಡು, ಒಂದೊಂದೇ ಚುಕ್ಕಿ. ಅದರ ಮೇಲೆ ಇನ್ನೊಂದು. ಹಾಗೇ ಕೆನ್ನೆ ತುಂಬಾ ಮುಳ್ಳು ಏಳುತ್ತದೆ. ಗಂಟೆಗಟ್ಟಲೆ ಕೆಲಸ. ಅಷ್ಟು ಹೊತ್ತೂ ಮಾತಿಲ್ಲ, ನಗುವಿಲ್ಲ. ನಕ್ಕರೆ ಬಿರುಕು ಬಿಡುತ್ತದೆ.

"ಚಾ ಬೇಕಾ ಅಣ್ಣಾ?" ಅಂದೆ. ಕಣ್ಣಲ್ಲೇ ಬೇಡ ಅಂದರು. ಆ ಕಣ್ಣು ಆಗಲೇ ರಾಕ್ಷಸನದ್ದು.

ವೇಷ ಅಂದ್ರೆ ಮೇಲಿನ ಅಲಂಕಾರ ಅಂತ ಯಾರಾದರೂ ಹೇಳಿದರೆ ನನಗೆ ಬೇಜಾರಾಗುತ್ತದೆ. ಬಾಯಿ ತೆರೆಯುವ ಮೊದಲೇ ಬಂದವನು ಯಾರು ಅಂತ ಕೊನೇ ಸಾಲಿನ ಅಜ್ಜಿಗೂ ಗೊತ್ತಾಗುತ್ತದೆ, ಅಲ್ವಾ? ಅರ್ಧ ಕತೆ ಮುಖದ ಮೇಲೆಯೇ ಬರೆದಿರುತ್ತದೆ. ಕಿರೀಟ ಕಟ್ಟಿ ಎದ್ದು ನಿಂತಾಗ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಸಂಜೆ ನೋಡಿದ ಸಪೂರದ ಮನುಷ್ಯ ಎಲ್ಲೂ ಇರಲಿಲ್ಲ.

ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಬಣ್ಣ ಉಜ್ಜುತ್ತಾ ಕೂತಿದ್ದರು. ನನ್ನನ್ನು ನೋಡಿ ನಕ್ಕರು.

"ಈಗ ಚಾ ಉಂಟಾ?"