ದಿನಕ್ಕೆ ಎಷ್ಟು ಗಂಟೆ ಪಾಠ ಮಾಡ್ತೀರಿ?

ಮಕ್ಕಳಿಗೆ ಮನೆಯಲ್ಲೇ, ಪುಸ್ತಕ ಮತ್ತು ಗಿಡಮರಗಳ ಜೊತೆ ಕಲಿಸುತ್ತೇವೆ ಎಂದರೆ ಸಾಕು, ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ. ಐದರಿಂದ ಏಳು ವರ್ಷದ ಮಗುವಾದರೆ ಕೂತು ಕಲಿಯುವ ಪಾಠ ದಿನಕ್ಕೆ ಒಂದೂಕಾಲು ಗಂಟೆ ಸಾಕು, ಅದೂ 15 ನಿಮಿಷಕ್ಕೊಂದರಂತೆ. ಹೊರಗೆ ಕಳೆಯುವ ಹೊತ್ತು ಇದರ ಎರಡರಷ್ಟಾದರೂ ಇರಲಿ. ಇಂಗ್ಲೆಂಡಿನ ಶಿಕ್ಷಕಿ ಷಾರ್ಲೆಟ್ ಮೇಸನ್ (1842–1923) ಚಿಕ್ಕಮಕ್ಕಳಿಗೆ ಇಂಥ ಪುಟ್ಟ ಪಾಠಗಳನ್ನೇ ಹೇಳಿದ್ದರು. ಪಾಠ ಉದ್ದವಾದಷ್ಟೂ ಮಗು ಅರ್ಧ ಮನಸ್ಸಿನಿಂದ ಕೇಳುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಆ ರೂಢಿ ಬಿಡಿಸುವುದು ಕಷ್ಟ.

ಗಂಟೆಗಿಂತ ಮುಖ್ಯವಾದದ್ದು, ವಾರವಿಡೀ ಒಂದೇ ವಸ್ತುವಿನ ಮುಂದೆ ಕೂರುವುದು. ಸೋಮವಾರ ಹಕ್ಕಿ, ಮಂಗಳವಾರ ಗ್ರಹ, ಬುಧವಾರ ಡೈನೋಸಾರ್ ಎಂದು ಹಾರಿದರೆ ಯಾವುದೂ ಮಗುವಿನ ಒಳಗೆ ಇಳಿಯುವುದಿಲ್ಲ. ಮಳೆಗಾಲದ ವಾರಕ್ಕೆ ಹಿತ್ತಲಿನ ಅಥವಾ ಬಾಲ್ಕನಿಯ ಕರಿಬೇವಿನ ಗಿಡ ಒಂದೇ ಸಾಕು.

ನಿಂಬೆ ಚಿಟ್ಟೆ ಕರಿಬೇವು, ನಿಂಬೆಗಿಡಗಳ ಎಳೆ ಚಿಗುರಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಗುಂಡಗೆ, ತಿಳಿಹಳದಿ, ಸುಮಾರು ಒಂದು ಮಿಲಿಮೀಟರ್. ಮೂರು ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಎಳೆಯ ಹುಳು ಕಪ್ಪು-ಬಿಳಿಯಾಗಿ ಥೇಟ್ ಹಕ್ಕಿಯ ಹಿಕ್ಕೆ. ಕೊನೆಯ ಸಲ ಪೊರೆ ಕಳಚಿದ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಗೇಸರಿ ಕೊಂಬು ಚಾಚಿ ಗಾಟು ವಾಸನೆ ಬಿಡುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗಲು ಮೂರು ನಾಲ್ಕು ವಾರ ಬೇಕು. ಒಂದೇ ವಾರದಲ್ಲಿ ಎಲ್ಲವನ್ನೂ ತೋರಿಸುವ ಆತುರ ಬೇಡ. ಅರ್ಧ ಬೆಳೆದ ಹುಳುವಿನಿಂದ ಶುರು ಮಾಡಿ.

ಸಾಕುವುದಕ್ಕೆ ಒಂದು ಗೇಣಿಗಿಂತ ಎತ್ತರದ ಡಬ್ಬಿ, ಬಾಯಿಗೆ ಸೊಳ್ಳೆಪರದೆಯ ಬಟ್ಟೆ, ತಳಕ್ಕೆ ಹಳೇ ಪೇಪರು. ಮುಚ್ಚಳ ಹಾಕಿದರೆ ಒಳಗೆ ಬೆವೆತು, ಹಿಕ್ಕೆಗೆ ಬೂಷ್ಟು ಬಂದು ಹುಳು ಸಾಯುತ್ತದೆ. ಪೇಪರನ್ನು ದಿನಾ ಬದಲಾಯಿಸಬೇಕು. ಕರಿಬೇವಿನ ಕಡ್ಡಿಯನ್ನು ನೀರಿನ ಪುಟ್ಟ ಬಾಟಲಿಯಲ್ಲಿಟ್ಟು ಬಾಯಿಗೆ ಹತ್ತಿ ತುರುಕಿ, ಇಲ್ಲವಾದರೆ ಹುಳು ಕಡ್ಡಿಯಗುಂಟ ಇಳಿದು ನೀರಿಗೆ ಬೀಳುತ್ತದೆ. ಮಾರುಕಟ್ಟೆಯ ಸೊಪ್ಪು ಮಾತ್ರ ಬೇಡವೇ ಬೇಡ. ಅದಕ್ಕೆ ಹೊಡೆದ ಔಷಧಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಹುಳುವನ್ನು ಬೆರಳಿನಿಂದ ಎತ್ತದೆ, ಅದು ಕೂತ ಎಲೆಯನ್ನೇ ಕತ್ತರಿಸಿ ಹೊಸ ಕಡ್ಡಿಗೆ ತಾಗಿಸಿ. ತಿನ್ನುವುದು ಬಿಟ್ಟು ಡಬ್ಬಿಯೆಲ್ಲ ಅಲೆಯತೊಡಗಿದರೆ ಕೋಶ ಕಟ್ಟುವ ಹೊತ್ತು ಬಂದಿದೆ ಎಂದರ್ಥ. ಓರೆಯಾಗಿ ಒಂದು ಒಣಕಡ್ಡಿ ನಿಲ್ಲಿಸಿ. ಹೊರಬಂದ ಚಿಟ್ಟೆ ರೆಕ್ಕೆ ಇಳಿಬಿಟ್ಟು ಒಣಗಿಸಿಕೊಳ್ಳಬೇಕು. ಡಬ್ಬಿ ಗಿಡ್ಡವಾದರೆ ರೆಕ್ಕೆ ಮುದುಡಿಕೊಂಡೇ ಗಟ್ಟಿಯಾಗುತ್ತದೆ, ಆಮೇಲೆ ಅದು ಹಾರಲಾರದು. (ಎಕ್ಕ, ಕಣಗಿಲೆ ಗಿಡದ ಹುಳುಗಳೂ ಚೆಂದವೇ, ಆದರೆ ಆ ಗಿಡಗಳ ಹಾಲು ವಿಷ, ಎಕ್ಕದ ಹಾಲು ಕಣ್ಣಿಗೆ ಬಿದ್ದರಂತೂ ಅಪಾಯ. ಚಿಕ್ಕಮಕ್ಕಳ ಜೊತೆ ಅವು ಬೇಡ.)

ಮೊದಲ ದಿನ ನೋಡುವುದಷ್ಟೇ. ಹೆಸರು ಹೇಳಬೇಡಿ, ಪುಸ್ತಕ ತೆಗೆಯಬೇಡಿ. ಗೆರೆಯಿಲ್ಲದ ಪುಸ್ತಕದಲ್ಲಿ ಮಗು ಬಿಡಿಸಲಿ, ತಾರೀಖು ನೀವು ಬರೆಯಿರಿ. ಇಲ್ಲಿ ಕೆಡಿಸುವವರು ದೊಡ್ಡವರೇ: "ಕಾಲು ಮರೆತೆ ನೋಡು" ಎಂದು ತಿದ್ದಿದರೆ ಮಗು ಹುಳುವನ್ನು ಬಿಟ್ಟು ನಿಮ್ಮ ಮುಖ ನೋಡಲು ಶುರು ಮಾಡುತ್ತದೆ. ಮರುದಿನ ಮತ್ತೆ ಬಿಡಿಸಿದಾಗ ಕಾಲು ತಾನಾಗಿ ಬರುತ್ತದೆ.

ಪುಸ್ತಕ ಬರುವುದು ಎರಡನೇ ದಿನ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ನಾಲ್ಕು ಹಂತಗಳಲ್ಲಿ. ಮಗು ತಾನೇ ಓದಲು ಒಂದನೇ ಹಂತ, ನೀವು ಓದಿ ಹೇಳಲು ಮೂರು ಮತ್ತು ನಾಲ್ಕು. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ ವಿಚಾರಿಸಿ. ಐದು ನಿಮಿಷ, ಒಂದೇ ಸಲ ಓದಿ ಪುಸ್ತಕ ಮುಚ್ಚಿ. "ಏನಾಯ್ತು, ಹೇಳು ಪುಟ್ಟಾ" ಎಂದು ಕೇಳಿ ಸುಮ್ಮನಿರಿ. ನಡುವೆ ಪ್ರಶ್ನೆ ಹಾಕಿದರೆ ಕತೆ ಮುರಿಯುತ್ತದೆ. ಮತ್ತೆ ಓದುತ್ತಾರೆಂದು ಗೊತ್ತಾದರೆ ಮೊದಲ ಸಲ ಕಿವಿಗೊಡುವುದಿಲ್ಲ. ಮಗು ಬಾಯಿ ಬಿಡದಿದ್ದರೆ ನಾಳೆ ಅರ್ಧದಷ್ಟೇ ಓದಿ. ಆರು ವರ್ಷ ತುಂಬುವವರೆಗೆ ಹೀಗೆ ತಿರುಗಿ ಹೇಳಲು ಒತ್ತಾಯಿಸಬಾರದು.

ಅಕ್ಷರವನ್ನು ಅ ಆ ಇ ಈ ಕ್ರಮದಲ್ಲಿ ಕಲಿಸಿದರೆ ವಾರಗಟ್ಟಲೆ ಒಂದು ಪದವನ್ನೂ ಓದಲಾಗದು. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಈ ಐದರಲ್ಲೇ ಸರ, ಅರಸ, ಸರಸರ, ಗರಗಸ ಎಲ್ಲ ಆಗುತ್ತವೆ. ಗರಗಸ ಬರೆದ ದಿನ ಒಂದು ಬೇವಿನ ಎಲೆ ಕೈಗೆ ಕೊಡಿ. ಅಂಚಿನ ಹಲ್ಲು ಸವರಿ ನೋಡಲಿ. ಲೆಕ್ಕ ಡಬ್ಬಿಯಲ್ಲೇ ಇದೆ. ಕರಿಬೇವಿನ ಒಂದು ಎಸಳಿನಲ್ಲಿ ಸಾಮಾನ್ಯವಾಗಿ 11ರಿಂದ 21 ಎಲೆ. ರಾತ್ರಿ ಎಣಿಸಿಟ್ಟು ಬೆಳಿಗ್ಗೆ ಮತ್ತೆ ಎಣಿಸಿದರೆ ಕಳೆಯುವ ಲೆಕ್ಕ ಆಯಿತು. ಮಳೆ ಜೋರಾಗಿ ಹೊರಡಲಾಗದ ದಿನ ಚೆನ್ನೆಮಣೆ ತೆಗೆಯಿರಿ.

ಮಳೆ ಅಳೆಯುವುದನ್ನು ವಾರದ ಎಲ್ಲ ದಿನವೂ ಮಾಡಬಹುದು. ತಳ ಚಪ್ಪಟೆ, ಗೋಡೆ ನೆಟ್ಟಗಿರುವ ಗಾಜಿನ ಜಾಡಿಯನ್ನು ಬಯಲಲ್ಲಿಟ್ಟು, ನಿಂತ ನೀರನ್ನು ಸ್ಕೇಲಿನಿಂದ ಅಳೆದರೆ ಅಷ್ಟು ಮಿಲಿಮೀಟರ್ ಮಳೆ. ಬಾಯಿ ಅಗಲವೋ ಕಿರಿದೋ, ಅಳತೆ ಒಂದೇ. ಆದರೆ ಪ್ಲಾಸ್ಟಿಕ್ ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಲೆಕ್ಕ ತಪ್ಪುತ್ತದೆ. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8:30ಕ್ಕೆ ಅಳೆದು, ಪಕ್ಕದಲ್ಲಿ ಮಳೆ ನಕ್ಷತ್ರದ ಹೆಸರು ಬರೆಯಿಸಿ. ಆರಿದ್ರಾ, ಪುನರ್ವಸು, ಪುಷ್ಯ ಒಂದೊಂದೂ ಸುಮಾರು 14 ದಿನ. ಅಜ್ಜ-ಅಜ್ಜಿಯರಿಗೆ ಈ ಪಾಠದಲ್ಲಿ ಹೇಳುವುದಕ್ಕೆ ಬಹಳ ಇರುತ್ತದೆ, ಅವರನ್ನು ಖಂಡಿತ ಕೂರಿಸಿಕೊಳ್ಳಿ.

ವಾರಕ್ಕೊಮ್ಮೆ ಕೆರೆ ಏರಿಗೋ ತೋಟಕ್ಕೋ ಎರಡು ಗಂಟೆ. ಬೆಳಿಗ್ಗೆ ಒಂಬತ್ತರೊಳಗೆ, ಕಾಲಿಗೆ ಷೂ ಹಾಕಿ. ಮಳೆಗಾಲದ ಹುಲ್ಲಿನಲ್ಲಿ ಹಾವಿರುತ್ತದೆ. ಹತ್ತು ನಿಮಿಷ ಒಂದೆಡೆ ಸದ್ದಿಲ್ಲದೆ ಕೂತರೆ ಪಿಕಳಾರ, ಮಡಿವಾಳ ಹಕ್ಕಿಗಳು ತಾವಾಗಿ ಹತ್ತಿರ ಬರುತ್ತವೆ. ಹೊಂಗೆಮರ ಸಿಕ್ಕರೆ ಎಲೆ ತಿರುಗಿಸಿ ನೋಡಿ, ಗಂಟು ಗಂಟು ಕಾಣುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿಂದ ಆದವು.

ಕೆಲವು ಕೋಶಗಳಿಂದ ಚಿಟ್ಟೆಯ ಬದಲು ಪುಟ್ಟ ಕಣಜಗಳು ಬರುತ್ತವೆ. ಡಬ್ಬಿಗೆ ತರುವ ಮೊದಲೇ ಹುಳುವಿನೊಳಗೆ ಕಣಜದ ಮೊಟ್ಟೆ ಬಿದ್ದಿರಬಹುದು. ಮಗು ಅತ್ತರೂ ಮುಚ್ಚಿಡಬೇಡಿ. ಆಗಿದ್ದನ್ನು ಆಗಿದ್ದಂತೆ ಹೇಳಿ, ಕಣಜವನ್ನೂ ಬಿಡಿಸಲಿ.

ಮುಂದೆ ಪರೀಕ್ಷೆಗೇನು ಮಾಡ್ತೀರಿ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್‌ನಲ್ಲಿ 3, 5, 8ನೇ ತರಗತಿಗೆ ಸಮನಾದ ಹಂತಗಳಿವೆ; 14 ತುಂಬಿದ ಮೇಲೆ ಹತ್ತನೆಯದಕ್ಕೆ ಹೆಸರು ನೋಂದಾಯಿಸಬಹುದು. ಆರು ವರ್ಷದ ಮಗುವಿಗೆ ಸದ್ಯಕ್ಕೆ ಅದರ ಚಿಂತೆ ಬೇಕಿಲ್ಲ.